ಒಂದೇ ಸೂರು, ಒಂದೇ ಪಂಕ್ತಿ: ಮಂಗಳೂರಿನ ಕ್ರೈಸ್ತ ಸಭೆಗಳ ಇತಿಹಾಸದಿಂದ ಒಂದು ಪಾಠ



ಮಂಗಳೂರಿನಿಂದ ಉಡುಪಿಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಪಣಂಬೂರು ದಾಟಿದೊಡನೆ ಬೈಕಂಪಾಡಿ ಸಿಗುತ್ತದೆ. ಒಂದು ಕಾಲಕ್ಕೆ ಮೀನುಗಾರರೂ ಬೇಸಾಯಗಾರರೂ ನೆಲೆಸಿದ್ದ ಈ ಕಡಲತಡಿಯ ಚಹರೆ ನವಮಂಗಳೂರು ಬಂದರಿನ ನಿರ್ಮಾಣದೊಡನೆ ಬದಲಾಯಿತು. 1974ರಲ್ಲಿ ಆ ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅದರ ಬೆನ್ನಲ್ಲೇ ಕಾರ್ಖಾನೆಗಳು ಬಂದವು, ಬೈಕಂಪಾಡಿ ಕೈಗಾರಿಕಾ ಪ್ರದೇಶವಾಗಿ ಬೆಳೆಯಿತು. ಇಂದು ಅಲ್ಲಿಯ ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿನಲ್ಲಿ ರಸ್ತೆ ಬದಿ ನಿಂತರೆ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳಂ ಮಾತುಗಳೊಡನೆ ಹಿಂದಿ, ಒಡಿಯಾ, ಬಂಗಾಳಿಗಳೂ ಕಿವಿಗೆ ಬೀಳುತ್ತವೆ. ನಾನಾ ಜಾತಿ, ನಾನಾ ಮತ, ನಾನಾ ಪ್ರಾಂತ್ಯದ ಜನ ಒಂದೇ ಸೂರಿನಡಿ ದುಡಿಯುತ್ತಾರೆ.

ಒಂದೇ ಸೂರಿನಡಿ ದುಡಿದವರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆಯೆ? ಒಬ್ಬರ ಮನೆಗೆ ಇನ್ನೊಬ್ಬರು ಹೋಗುತ್ತಾರೆಯೆ? ಎಲ್ಲರ ಬದುಕಿಗೆ ಸಂಬಂಧಿಸಿದ ತೀರ್ಮಾನವನ್ನು ಎಲ್ಲರೂ ಸೇರಿ ಕೈಗೊಳ್ಳುತ್ತಾರೆಯೆ? ಇವು ಇಂದಿನ ಪ್ರಶ್ನೆಗಳಂತೆ ಕಂಡರೂ ಇದೇ ಮಂಗಳೂರಿನಲ್ಲಿ ಸುಮಾರು ನೂರ ತೊಂಬತ್ತು ವರ್ಷಗಳ ಹಿಂದೆಯೇ ಎದುರಾದ ಪ್ರಶ್ನೆಗಳು. ಆಗ ಅವನ್ನು ಎದುರಿಸಿದ್ದು ಒಂದು ಪುಟ್ಟ ಕ್ರೈಸ್ತ ಸಮುದಾಯ. ಅದು ಎಲ್ಲಿ ಗೆದ್ದಿತು, ಎಲ್ಲಿ ತಡವರಿಸಿತು ಎಂಬುದನ್ನು ತಿಳಿಯುವುದು ಯಾವ ಮತದ ವಿದ್ಯಾರ್ಥಿಗೂ ಉಪಯುಕ್ತ.

ಜನಾಂಗಭೇದ ಮತ್ತು ಜಾತಿಭೇದ

ಪಾಶ್ಚಾತ್ಯ ದೇಶಗಳಲ್ಲಿ ಕ್ರೈಸ್ತ ಸಭೆಗಳನ್ನು ಕಾಡಿದ್ದು ಮುಖ್ಯವಾಗಿ ಬಣ್ಣದ ಆಧಾರದ ಜನಾಂಗಭೇದ. ನಮ್ಮಲ್ಲಿ ಅದರ ಸ್ಥಾನದಲ್ಲಿದ್ದುದು ಹುಟ್ಟಿನ ಆಧಾರದ ಜಾತಿಭೇದ. ಇವೆರಡೂ ಒಂದೇ ಅಲ್ಲ. ಜಾತಿಯನ್ನು ಮೈಬಣ್ಣದಿಂದ ಗುರುತಿಸಲಾಗದು. ಆದರೆ ಹುಟ್ಟಿನಿಂದಲೇ ಮನುಷ್ಯನ ಬೆಲೆ ಕಟ್ಟುವ ಗುಣ ಎರಡಕ್ಕೂ ಸಮಾನ. 1959ರಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಕರಿಯರ ನಾಯಕ, ಧರ್ಮಬೋಧಕ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಇದು ತಿರುವನಂತಪುರದ ಒಂದು ಶಾಲೆಯಲ್ಲಿ ಮನದಟ್ಟಾಯಿತು. ದಲಿತ ಮಕ್ಕಳೇ ಹೆಚ್ಚಾಗಿದ್ದ ಆ ಶಾಲೆಯ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ಇನ್ನೊಬ್ಬ ಅಸ್ಪೃಶ್ಯ ಬಂಧು ಎಂದು ಮಕ್ಕಳಿಗೆ ಪರಿಚಯಿಸಿದರು. ಕಿಂಗ್ ಅವರಿಗೆ ಮೊದಲು ಮನಸ್ಸಿಗೆ ಚುಚ್ಚಿದಂತಾಯಿತು. ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಆ ಮಾತು ಸರಿ ಎನಿಸಿತು. ಈ ಪ್ರಸಂಗವನ್ನು ಅವರೇ 1965ರ ಒಂದು ಉಪದೇಶದಲ್ಲಿ ನೆನೆದಿದ್ದಾರೆ.

ಕ್ರೈಸ್ತ ಧರ್ಮದ ಆರಂಭದಲ್ಲೂ ಇಂಥದೇ ಬಿಕ್ಕಟ್ಟು ಇತ್ತು. ಯೆಹೂದ್ಯರಾಗಿ ಹುಟ್ಟಿದವರು ಗ್ರೀಕರೊಡನೆ ಕುಳಿತು ಉಣ್ಣಬಹುದೆ ಎಂಬುದು ಮೊದಲ ಶತಮಾನದ ಸಭೆಗಳ ದೊಡ್ಡ ವಿವಾದ. ಕ್ರಿಸ್ತನಲ್ಲಿ ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ, ಗಂಡು-ಹೆಣ್ಣು ಎಂಬ ಭೇದವಿಲ್ಲ ಎಂಬ ಆಶಯವನ್ನು ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಸಾರಿದ್ದು ಈ ಹಿನ್ನೆಲೆಯಲ್ಲಿ. ತತ್ತ್ವವೇನೋ ಸ್ಪಷ್ಟವಾಗಿತ್ತು. ಅದನ್ನು ಆಚರಣೆಗೆ ತರುವುದು ಮಾತ್ರ ಪ್ರತಿಯೊಂದು ದೇಶದಲ್ಲೂ ಹೊಸದಾಗಿ ಹೋರಾಡಿ ಪಡೆಯಬೇಕಾದ ಸಂಗತಿಯಾಯಿತು.

ದಕ್ಷಿಣ ಭಾರತದಲ್ಲಿ ಎರಡು ದಾರಿಗಳು

ದಕ್ಷಿಣ ಭಾರತದ ಕ್ರೈಸ್ತ ಸಭೆಗಳು ಜಾತಿಯ ವಿಷಯದಲ್ಲಿ ಒಂದೇ ನಿಲುವನ್ನು ತಳೆಯಲಿಲ್ಲ. ಗೋವೆಯಿಂದ ಬಂದು ಕರಾವಳಿಯಲ್ಲಿ ನೆಲೆಸಿದ ಕೊಂಕಣಿ ಕೆಥೊಲಿಕರಲ್ಲಿ ಬಾಮಣ, ಚಾರೊಡಿ, ಶೂದಿರ ಮುಂತಾದ ಹಳೆಯ ಭೇದಗಳು ಮತಾಂತರದ ನಂತರವೂ, ವಿಶೇಷವಾಗಿ ಮದುವೆಯ ಸಂಬಂಧಗಳಲ್ಲಿ, ಉಳಿದುಕೊಂಡವು. ತಮಿಳುನಾಡಿನ ಪ್ರಾಟೆಸ್ಟಂಟ್ ಸಭೆಗಳಲ್ಲೂ ಜಾತಿವಾರು ಆಸನಗಳಿದ್ದವು. 1833ರಲ್ಲಿ ಕಲ್ಕತ್ತೆಯ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಭೇದ ಕೂಡಲೇ ಅಳಿಯಬೇಕೆಂದು ಆಜ್ಞಾಪಿಸಿದಾಗ ತಂಜಾವೂರಿನಲ್ಲಿ ಅನೇಕರು ಸಭೆಯಿಂದಲೇ ದೂರ ಸರಿದರು. ಜರ್ಮನಿಯ ಲೈಪ್ಸಿಗ್ ಮಿಶನ್ನಿನವರು ಜಾತಿಯನ್ನು ಕೇವಲ ಸಾಮಾಜಿಕ ಪದ್ಧತಿಯೆಂದು ಭಾವಿಸಿ, ನಿಧಾನವಾಗಿ ಅಳಿಯಲಿ ಎಂದು ಸಹಿಸಿಕೊಂಡರು. ಇದಕ್ಕೆ ವಿರುದ್ಧವಾಗಿ 1850ರಲ್ಲಿ ಮದರಾಸಿನಲ್ಲಿ ಸೇರಿದ್ದ ಮಿಶನರಿಗಳ ಸಮ್ಮೇಳನ, ಜಾತಿಯನ್ನು ಬಿಡದವರಿಗೆ ದೀಕ್ಷಾಸ್ನಾನ ಕೊಡಕೂಡದೆಂದು ನಿರ್ಣಯಿಸಿತು. ಬಿಟ್ಟಿದ್ದಕ್ಕೆ ಪರೀಕ್ಷೆ ಏನು? ಕೆಳಜಾತಿಯೆನಿಸಿಕೊಂಡವರು ಮಾಡಿದ ಅಡುಗೆಯನ್ನು ಉಣ್ಣಲು ಸಿದ್ಧನಿರಬೇಕು, ಅಷ್ಟೆ.

ಈ ಪರೀಕ್ಷೆ ಎಷ್ಟು ಅರ್ಥಪೂರ್ಣ ಎಂಬುದು ಪಂಕ್ತಿಭೇದವನ್ನು ಕಂಡ ನಮಗೆ ಬೇರೆ ಹೇಳಬೇಕಿಲ್ಲ. ಬಾಯಿಮಾತಿನ ಸಮಾನತೆ ಯಾರಿಗೂ ಕಷ್ಟವಲ್ಲ, ಎಲೆ ಹಾಕಿದಾಗ ಅದರ ನಿಜಸ್ವರೂಪ ತಿಳಿಯುತ್ತದೆ. ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಆಯ್ದುಕೊಂಡದ್ದು ಈ ಎರಡನೆಯ, ಕಠಿಣವಾದ ದಾರಿ.

ಬಲ್ಮಠದ ಪಂಕ್ತಿ

ಬಾಸೆಲ್ ಮಿಶನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾಯಿತು. ಅದರಲ್ಲಿ ಸ್ವಿಸ್ ಮತ್ತು ಜರ್ಮನ್ ಜನರಿದ್ದರು. 1833ರ ಚಾರ್ಟರ್ ಕಾಯಿದೆಯ ಬಳಿಕ ಬ್ರಿಟಿಷೇತರ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷ, 1834ರ ಅಕ್ಟೋಬರಿನಲ್ಲಿ, ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಅವರ ಹೆಸರು ನಿಮಗೆ ಪರಿಚಿತ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರ ಜುಲೈ 1ರಂದು ಹೊರತಂದವರು ಅವರೇ.

ಮಿಶನ್ನಿನ ಶಾಲೆಗಳಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಪ್ರವೇಶವಿತ್ತು. ಸಭೆಗೆ ಸೇರಿದವರಲ್ಲಿ ತುಳುನಾಡಿನ ಬಿಲ್ಲವರು ಹೆಚ್ಚಿನ ಸಂಖ್ಯೆಯಲ್ಲಿದ್ದರು. ಅಲ್ಲಲ್ಲಿ ಬೇರೆ ಜಾತಿಗಳವರೂ ಇದ್ದರು. ಸಭೆಯೊಳಗೆ ಬಂದ ಮೇಲೆ ಯಾರಿಗೂ ಪ್ರತ್ಯೇಕ ಆಸನವಿಲ್ಲ, ಪ್ರಭುಭೋಜನಕ್ಕೆ ಪ್ರತ್ಯೇಕ ಪಾತ್ರೆಯಿಲ್ಲ, ಮದುವೆಗೆ ಜಾತಿಯ ಅಡ್ಡಿಯಿಲ್ಲ ಎಂಬುದು ನಿಯಮ.

ಈ ನಿಯಮಕ್ಕೆ ತೆರಬೇಕಾದ ಬೆಲೆ ಎಂಥದು ಎಂಬುದನ್ನು ಆನಂದರಾಯ ಕೌಂಡಿನ್ಯರ ಬದುಕು ತೋರಿಸುತ್ತದೆ. ಅವರು ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ, ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಮೋಗ್ಲಿಂಗರ ಶಿಷ್ಯ. 1844ರ ಜನವರಿಯಲ್ಲಿ ಇನ್ನಿಬ್ಬರು ಸಹಪಾಠಿಗಳೊಡನೆ ದೀಕ್ಷಾಸ್ನಾನ ಪಡೆದಾಗ ಅವರಿಗೆ ಇಪ್ಪತ್ತು ತುಂಬಿರಲಿಲ್ಲ. ಪಟ್ಟಣದಲ್ಲಿ ದೊಡ್ಡ ಗದ್ದಲವೆದ್ದಿತು. ಪತ್ನಿ ಅವರೊಡನೆ ಬರಲಿಲ್ಲ. ಬಂಧುಬಳಗದವರ ಸಂಬಂಧ ಕಡಿಯಿತು. ಅವರ ಕುಟುಂಬಕ್ಕೆ ಇದು ಮಗನನ್ನು ಕಳೆದುಕೊಂಡ ದುಃಖವೇ ಸರಿ, ಅದನ್ನು ಇತಿಹಾಸಕಾರ ಹಗುರವಾಗಿ ಕಾಣಬಾರದು. 1846ರಲ್ಲಿ ಅವರು ಮೋಗ್ಲಿಂಗರೊಡನೆ ಬಾಸೆಲಿಗೆ ಹೋಗಿ ದೇವಜ್ಞಾನ ಕಲಿತು 1851ರಲ್ಲಿ ಮರಳಿದರು. ಬಾಸೆಲ್ ಮಿಶನ್ನಿನಲ್ಲಿ ಪೂರ್ಣ ಮಿಶನರಿಯ ಸ್ಥಾನ ಪಡೆದ ಮೊದಲ ಭಾರತೀಯ ಅವರು. ಬಳಿಕ ಕೊಡಗಿನಲ್ಲಿ, ಅಸ್ಪೃಶ್ಯರೆನಿಸಿ ಜೀತದಲ್ಲಿ ನವೆದಿದ್ದ ಕುಟುಂಬಗಳಿಗಾಗಿ ಸಿದ್ದಾಪುರದ ಬಳಿ ಆನಂದಪುರವೆಂಬ ಊರು ನೆಲೆಗೊಂಡದ್ದು ಅವರ ಶ್ರಮದಿಂದ. 1843ರ ಕಾಯಿದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿದ್ದರೂ ಕಾಯಿದೆಯೊಂದರಿಂದಲೇ ಜೀತದ ಸಂಕೋಲೆ ಕಳಚಲಿಲ್ಲ. ನಿಲ್ಲಲು ನೆಲ, ದುಡಿಯಲು ತೋಟ ಬೇಕಾಗಿತ್ತು.

1860ರಲ್ಲಿ ಕೌಂಡಿನ್ಯರು ಜರ್ಮನ್ ಮಹಿಳೆ ಮರಿಯಾ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಮಿಶನರಿಗಳ ಮದುವೆಗೆ ಬಾಸೆಲಿನ ಆಡಳಿತ ಸಮಿತಿಯ ಒಪ್ಪಿಗೆ ಬೇಕಿದ್ದ ಕಾಲವದು. 1857ರ ದಂಗೆ ಮುಗಿದು ಇನ್ನೂ ಹೆಚ್ಚು ದಿನವಾಗಿರಲಿಲ್ಲ, ಆಳುವ ಬಿಳಿಯರಿಗೂ ಭಾರತೀಯರಿಗೂ ನಡುವೆ ಗೋಡೆ ಎತ್ತರವಾಗುತ್ತಿತ್ತು. ಅದೇ 1857ರಲ್ಲಿ ದಕ್ಷಿಣ ಆಫ್ರಿಕದ ಕೇಪ್ ವಸಾಹತಿನ ಡಚ್ ರಿಫಾರ್ಮ್ಡ್ ಚರ್ಚಿನ ಮಹಾಸಭೆ, ಕೆಲವರ ದೌರ್ಬಲ್ಯವನ್ನು ಲಕ್ಷಿಸಿ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಆರಾಧನೆ ನಡೆಸಬಹುದೆಂದು ಅನುಮತಿ ಕೊಟ್ಟಿತು. ಒಂದು ಸಣ್ಣ ರಿಯಾಯಿತಿಯಾಗಿ ಆರಂಭವಾದದ್ದು 1881ರ ಹೊತ್ತಿಗೆ ಪ್ರತ್ಯೇಕ ಚರ್ಚೇ ಆಯಿತು. 1948ರ ನಂತರ ಆ ದೇಶದ ಸರ್ಕಾರ ವರ್ಣಭೇದವನ್ನೇ ರಾಜ್ಯನೀತಿಯಾಗಿ ಮಾಡಿಕೊಂಡಾಗ ಅದಕ್ಕೆ ಧಾರ್ಮಿಕ ಸಮರ್ಥನೆಯೂ ಅಲ್ಲಿಂದಲೇ ದೊರೆಯಿತು. ಪಂಕ್ತಿಯಲ್ಲಿ ಬಿದ್ದ ಒಂದು ಬಿರುಕು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಹಂಚಿನ ಕಾರ್ಖಾನೆಯ ಸೂರು

ಜಾತಿಯನ್ನು ಬಿಟ್ಟವನು ಕಸುಬನ್ನೂ ಬಿಡಬೇಕಾಗುತ್ತಿತ್ತು. ಇದು ನಾವು ಮರೆಯಬಾರದ ಸಂಗತಿ. ಮೂರ್ತೆ ಕಸುಬು, ಅಂದರೆ ಮರದಿಂದ ಕಳ್ಳು ಇಳಿಸುವ ಕೆಲಸ, ಸಭೆಯ ಸದಸ್ಯರಿಗೆ ಸಲ್ಲದೆಂದು ಮಿಶನ್ ನಿಷೇಧಿಸಿತ್ತು. ಗೇಣಿ ಭೂಮಿಯಲ್ಲಿದ್ದವರಿಗೆ ಒಡೆಯರ ಆಶ್ರಯ ತಪ್ಪುವ ಭಯ. ಹೀಗೆ ನಿರ್ಗತಿಕರಾದವರಿಗೆ ಕೆಲಸ ಒದಗಿಸುವ ಅಗತ್ಯದಿಂದ ಮಿಶನ್ ಕೈಗಾರಿಕೆಗೆ ಇಳಿಯಿತು. 1851ರಲ್ಲಿ ಬಂದ ಹಾಲರ್ ಅವರ ಕಾಲದಲ್ಲಿ ನೇಯ್ಗೆಯ ಕಾರ್ಖಾನೆ ಬೆಳೆಯಿತು, ಖಾಕಿ ಬಣ್ಣದ ಬಟ್ಟೆಗೆ ಅದು ಹೆಸರಾಯಿತು. 1865ರಲ್ಲಿ ಪ್ಲೆಬ್ಸ್ಟ್ ಅವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ ತೀರದ ಆವೆಮಣ್ಣಿನಿಂದ ತಯಾರಾದ ಮಂಗಳೂರು ಹಂಚು ದೇಶದ ಉದ್ದಗಲಕ್ಕೂ ಹೊರದೇಶಗಳಿಗೂ ಹೋಯಿತು.

ಕಾರ್ಖಾನೆಯ ಮಹತ್ವ ಹಂಚಿನಲ್ಲಿ ಮಾತ್ರ ಇರಲಿಲ್ಲ. ಇಂಥ ಜಾತಿಯವನು ಇಂಥ ಕೆಲಸವನ್ನೇ ಮಾಡಬೇಕೆಂಬ ಕಟ್ಟಳೆ ಯಂತ್ರದ ಮುಂದೆ ನಡೆಯಲಿಲ್ಲ. ಮಣ್ಣು ಹದಮಾಡುವುದು, ಅಚ್ಚು ಒತ್ತುವುದು, ಗೂಡಿನಲ್ಲಿ ಸುಡುವುದು ಕಲಿತವರೆಲ್ಲರಿಗೂ ಒದಗಿದ ವಿದ್ಯೆಗಳು. ಸಂಬಳವೂ ಕೆಲಸಕ್ಕೆ ತಕ್ಕಂತೆ ಬರುತ್ತಿತ್ತು. ಜಾತಿಯ ಕಸುಬಿನಿಂದ ಬಿಡುಗಡೆ ಹೊಂದಿದ ಮೊದಲ ತಲೆಮಾರಿನ ಕಾರ್ಮಿಕರು ಇಲ್ಲಿ ರೂಪುಗೊಂಡರು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇತ್ತು. ಕೆಲಸ ಕೊಡುವ ಧಣಿ, ಮನೆ ಕಟ್ಟಲು ನೆಲ ಕೊಡುವ ಒಡೆಯ, ಸಭೆಯಲ್ಲಿ ಶಿಸ್ತು ವಿಧಿಸುವ ಗುರು ಮೂರೂ ಮಿಶನ್ನೇ ಆಗಿತ್ತು. ಸಭೆಯ ಶಿಸ್ತಿಗೆ ತಪ್ಪಿದವನಿಗೆ ಅನ್ನದ ಚಿಂತೆಯೂ ಹತ್ತುತ್ತಿತ್ತು. ಒಡೆಯರ ಹಂಗಿನಿಂದ ಬಿಡಿಸಿಕೊಂಡವರು ಇನ್ನೊಂದು ಹಂಗಿಗೆ ಬಿದ್ದರೆ ಎಂಬ ಆತಂಕ ನಿರಾಧಾರವಲ್ಲ.

ತೀರ್ಮಾನದ ಅಧಿಕಾರ ಯಾರದು?

ಈಗ ಮುಖ್ಯ ವಿಷಯಕ್ಕೆ ಬರೋಣ. ಬಿಲ್ಲವನೂ ಬ್ರಾಹ್ಮಣನೂ ದಲಿತನೂ ಒಂದೇ ಪಂಕ್ತಿಯಲ್ಲಿ ಕೂರಬೇಕೆಂದು ಕೇಳಿದ ಮಿಶನರಿಗಳು ಅಧಿಕಾರದ ಪಂಕ್ತಿಯಲ್ಲಿ ಭಾರತೀಯರನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರೆ? ಬಹುಕಾಲ ಇಲ್ಲ ಎಂದೇ ಹೇಳಬೇಕು. ಕೌಂಡಿನ್ಯರಿಗೆ ದೊರೆತ ಸ್ಥಾನ ಅಪವಾದವಾಗಿಯೇ ಉಳಿಯಿತು. ಅವರ ನಂತರ ದೀಕ್ಷೆ ಪಡೆದ ಭಾರತೀಯ ಸಭಾಪಾಲಕರು ಸಾಮಾನ್ಯವಾಗಿ 'ದೇಶೀ' ದರ್ಜೆಯವರಾಗಿ, ಐರೋಪ್ಯ ಮಿಶನರಿಗಳ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದರು. ಹಣಕಾಸು, ನೇಮಕ, ನಿಯಮ ಎಲ್ಲಕ್ಕೂ ಕೊನೆಯ ಮಾತು ಬಾಸೆಲಿನಿಂದ ಬರುತ್ತಿತ್ತು. ಇನ್ನೊಬ್ಬರ ಜಾತಿಯ ಹೆಮ್ಮೆಯನ್ನು ಪಾಪವೆಂದು ಗುರುತಿಸಿದ ಕಣ್ಣಿಗೆ ತಮ್ಮದೇ ಜನಾಂಗದ ಮೇಲರಿಮೆ ಅಷ್ಟು ಸುಲಭವಾಗಿ ಕಾಣಲಿಲ್ಲ.

ಸಂಸ್ಕೃತಿಯ ವಿಷಯದಲ್ಲೂ ಇದೇ ಇಬ್ಬಂದಿ. ನಾಡಿನ ದೈವಾರಾಧನೆಯನ್ನು ಅನೇಕ ಮಿಶನರಿಗಳು ಅಂಧಕಾರವೆಂದು ಕಡೆಗಣಿಸಿದರು. ಆದರೆ ಭಾಷೆಯ ಕೆಲಸ ಅವರನ್ನು ನಿಧಾನವಾಗಿ ಬದಲಿಸಿತು. ಒಂದು ಜನದ ಮಾತನ್ನು ಕಿವಿಗೊಟ್ಟು ಕಲಿಯದೆ ಕೋಶ ಬರೆಯಲಾಗದು. ಮ್ಯಾನರ್ ಅವರ ತುಳು-ಇಂಗ್ಲಿಷ್ ಕೋಶ 1886ರಲ್ಲಿ ಪ್ರಕಟವಾಯಿತು. ದೈವಗಳ ಕಥೆ ಹೇಳುವ ಪಾಡ್ದನಗಳನ್ನೂ ಅವರೇ ಸಂಗ್ರಹಿಸಿದರು. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ಕೋಶ 1894ರಲ್ಲಿ ಹೊರಬಂತು. ಕಲಿಸಲು ಬಂದವರು ಕಲಿಯಲು ಕುಳಿತಾಗ ಗೌರವ ಹುಟ್ಟಿತು ಎಂಬುದು ಈ ಅಧ್ಯಾಯದ ಸಾರ.

ಅಧಿಕಾರದ ಗಂಟು ಬಿಚ್ಚಿದ್ದು ಮಾತ್ರ ಸದಿಚ್ಛೆಯಿಂದಲ್ಲ, ಯುದ್ಧದಿಂದ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರಕ್ಕೆ ಜರ್ಮನ್ ಮಿಶನರಿಗಳು ಶತ್ರುದೇಶದ ಪ್ರಜೆಗಳಾದರು. ಅವರನ್ನು ಬಂಧನದಲ್ಲಿಟ್ಟು ಬಳಿಕ ಸ್ವದೇಶಕ್ಕೆ ಕಳುಹಿಸಲಾಯಿತು. ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸಭೆಗಳ ದೈನಂದಿನ ಹೊಣೆ ಹೊತ್ತವರು ಇಲ್ಲಿಯ ಸಭಾಪಾಲಕರು, ಹಿರಿಯರು, ಶಿಕ್ಷಕರು. ಅವರ ಕೈಯಲ್ಲಿ ಸಭೆ ಕುಸಿಯಲಿಲ್ಲ. ಅವರಿಗೆ ಯೋಗ್ಯತೆಯಿಲ್ಲವೆಂಬ ಹಳೆಯ ಭಾವನೆಗೆ ಇದೇ ಉತ್ತರ. ಮುಂದೆ 1947ರ ಸೆಪ್ಟೆಂಬರ್ 27ರಂದು, ದೇಶ ಸ್ವತಂತ್ರವಾದ ಆರು ವಾರಗಳಲ್ಲಿ, ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದ್ಘಾಟನೆಯಾಯಿತು. ಐರೋಪ್ಯರ ಹಳೆಯ ಒಡಕುಗಳಿಂದ ಹುಟ್ಟಿದ್ದ ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಬೇರೆ ಬೇರೆ ಪಂಗಡಗಳು ಒಂದಾಗಿ ಭಾರತೀಯ ಆಡಳಿತಕ್ಕೆ ದಾರಿಯಾಯಿತು. ಬಾಸೆಲ್ ಮಿಶನ್ನಿನ ಸಭೆಗಳು ಹಂತಹಂತವಾಗಿ ಅದರಲ್ಲಿ ಸೇರಿದವು. ಇಂದು ಬಲ್ಮಠ ಅದರ ಕರ್ನಾಟಕ ದಕ್ಷಿಣ ಸಭಾಪ್ರಾಂತದ ಕೇಂದ್ರ.

ಅದೇ ದಾರಿಯ ಇತರ ಪಥಿಕರು

ಸಮಾನತೆಯ ಕೆಲಸ ಕ್ರೈಸ್ತರ ಸೊತ್ತು ಮಾತ್ರ ಆಗಿರಲಿಲ್ಲ. ಬ್ರಹ್ಮ ಸಮಾಜದ ಕುದ್ಮುಲ್ ರಂಗರಾಯರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸ್ಥಾಪಿಸಿದರು. ಸ್ವಜಾತಿಯವರ ಬಹಿಷ್ಕಾರವನ್ನು ನುಂಗಿಕೊಂಡರು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ದೊಡ್ಡ ಹುದ್ದೆಗೇರಿ, ಆ ವ್ಯಕ್ತಿಯ ಕಾರಿನ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಅವರ ಆಸೆಯಾಗಿತ್ತು. ಈ ಆಸೆಯನ್ನು ಸ್ವಲ್ಪ ಬಿಡಿಸಿ ನೋಡಿ. ಅವರು ದಲಿತ ತಮ್ಮ ಸಮಕ್ಕೆ ಬರಲಿ ಎಂದಷ್ಟೇ ಬಯಸಲಿಲ್ಲ, ತಮ್ಮನ್ನು ದಾಟಿ ಮುಂದೆ ಹೋಗಲಿ ಎಂದು ಬಯಸಿದರು. ತನ್ನ ಸ್ಥಾನವನ್ನು ಬಿಟ್ಟುಕೊಡಲು ಮೇಲಿನವನು ಸಿದ್ಧನಾಗದೆ ಸಮಾಧಾನ ನಿಜವಾಗದು ಎಂಬುದನ್ನು ರಂಗರಾಯರು ತಿಳಿದಿದ್ದರು.

ದಕ್ಷಿಣ ಆಫ್ರಿಕದಲ್ಲಿ ಈ ಅರಿವು ಮೂಡಲು 1990ರವರೆಗೆ ಕಾಯಬೇಕಾಯಿತು. ಆ ವರ್ಷದ ನವೆಂಬರಿನಲ್ಲಿ ರಸ್ಟನ್‌ಬರ್ಗ್ ಎಂಬಲ್ಲಿ ಅನೇಕ ಸಭೆಗಳ ಪ್ರತಿನಿಧಿಗಳು ಸೇರಿದ್ದಾಗ, ಡಚ್ ರಿಫಾರ್ಮ್ಡ್ ಚರ್ಚಿನ ವಿದ್ವಾಂಸ ವಿಲ್ಲಿ ಯಾಂಕರ್ ಅವರು ಎದ್ದು ನಿಂತು, ವರ್ಣಭೇದದ ಅನ್ಯಾಯದಲ್ಲಿ ತಮ್ಮ ಮತ್ತು ತಮ್ಮ ಚರ್ಚಿನ ಪಾಲನ್ನು ಒಪ್ಪಿಕೊಂಡರು. ಕರಿಯ ಜನಾಂಗದ ಆರ್ಚ್‌ಬಿಷಪ್ ಡೆಸ್ಮಂಡ್ ಟೂಟು ಆ ಕ್ಷಮಾಯಾಚನೆಯನ್ನು ಸ್ವೀಕರಿಸಿದರು. ಕೆಲವರು ಇಷ್ಟು ಬೇಗ ಸ್ವೀಕರಿಸಬಾರದಿತ್ತು ಎಂದರು. ತಪ್ಪೊಪ್ಪಿಗೆಯ ನಂತರ ನೆಲ, ಶಾಲೆ, ಸಂಬಳಗಳಲ್ಲಿ ನ್ಯಾಯ ದೊರೆಯುವುದೆ ಎಂಬುದು ಅವರ ಪ್ರಶ್ನೆ. 1996ರಲ್ಲಿ ಟೂಟು ಅವರ ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ಸಮಾಧಾನ ಆಯೋಗ ಬಹಿರಂಗ ವಿಚಾರಣೆ ಆರಂಭಿಸಿದಾಗಲೂ ಆ ಪ್ರಶ್ನೆ ಹಿಂಬಾಲಿಸಿತು.

ನಮ್ಮ ದೇಶದಲ್ಲಿ ಭಾರತದ ಕೆಥೊಲಿಕ್ ಬಿಷಪರ ಮಂಡಳಿ 2016ರಲ್ಲಿ ದಲಿತ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಸಭೆಯೊಳಗೇ ಜಾತಿಭೇದ ಉಳಿದಿರುವುದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತು. ರೋಗವನ್ನು ರೋಗವೆಂದು ಹೆಸರಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆ, ಆದರೆ ಮೊದಲನೆಯದು ಮಾತ್ರ.

ಇತಿಹಾಸ ನಮಗೆ ಹೇಳುವುದೇನು?

ಮಂಗಳೂರಿನ ಈ ಕಥೆಯಲ್ಲಿ ಒಂದು ಕ್ರಮವಿದೆ. ಒಂದೇ ಸೂರಿನಡಿ ದುಡಿಯುವುದು ಎಲ್ಲಕ್ಕಿಂತ ಸುಲಭವಾಗಿ ಸಾಧ್ಯವಾಯಿತು, ಅದಕ್ಕೆ ಹೊಟ್ಟೆಪಾಡೇ ಸಾಕಿತ್ತು. ಒಂದೇ ಪಂಕ್ತಿಯಲ್ಲಿ ಉಣ್ಣುವುದಕ್ಕೂ ಮದುವೆಯ ಸಂಬಂಧ ಬೆಳೆಸುವುದಕ್ಕೂ ಗಟ್ಟಿಯಾದ ನಂಬಿಕೆ ಬೇಕಾಯಿತು, ಅದಕ್ಕಾಗಿ ಜನ ಮನೆಮಠ ಕಳೆದುಕೊಂಡರು. ಅಧಿಕಾರವನ್ನು ಹಂಚಿಕೊಳ್ಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಸಮಾನತೆಯನ್ನು ಬೋಧಿಸಿದವರೇ ಅದರಲ್ಲಿ ಹಿಂದೆ ಬಿದ್ದರು.

ವೈವಿಧ್ಯವನ್ನು ಅಪ್ಪಿಕೊಳ್ಳುವುದೆಂದರೆ ಹಬ್ಬದ ದಿನ ಒಬ್ಬರಿಗೊಬ್ಬರು ಸಿಹಿ ಹಂಚುವುದಷ್ಟೇ ಅಲ್ಲ. ಅದೂ ಬೇಕು, ಆದರೆ ಅಲ್ಲಿಗೇ ನಿಲ್ಲಬಾರದು. ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶಕ್ಕೆ ದೂರದ ರಾಜ್ಯದಿಂದ ಬಂದ ಕಾರ್ಮಿಕನಿಗೆ ನಮ್ಮ ಊರಿನಲ್ಲಿ ಬಾಡಿಗೆ ಮನೆ ಕೇಳಿದಾಗ ಏನು ಉತ್ತರ ಸಿಗುತ್ತದೆ? ಅವನ ಮಕ್ಕಳು ನಮ್ಮ ಶಾಲೆಯ ಯಾವ ಬೆಂಚಿನಲ್ಲಿ, ಯಾರ ಪಕ್ಕದಲ್ಲಿ ಕೂರುತ್ತಾರೆ? ಕಾಲೇಜಿನ ಸಂಘಗಳಲ್ಲಿ ಪದಾಧಿಕಾರಿಗಳಾಗುವವರು ಯಾರು, ಕುರ್ಚಿ ಜೋಡಿಸುವವರು ಯಾರು? ಇವುಗಳಿಗೆ ಉತ್ತರ ಪಠ್ಯಪುಸ್ತಕದಲ್ಲಿಲ್ಲ, ನಿಮ್ಮ ಸುತ್ತಮುತ್ತ ಇದೆ.

ಬಲ್ಮಠದ ಕರ್ನಾಟಕ ದೇವಜ್ಞಾನ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಶನ್ ಕಾಲದ ಗ್ರಂಥಗಳೂ ದಾಖಲೆಗಳೂ ಸಂಗ್ರಹವಾಗಿವೆ. ಇತಿಹಾಸದಲ್ಲಿ ಆಸಕ್ತಿಯುಳ್ಳವರು ಅಧ್ಯಾಪಕರ ನೆರವಿನಿಂದ ಅಲ್ಲಿಗೆ ಹೋಗಿ ನೋಡಬಹುದು. ಅಂಥ ದಾಖಲೆಗಳನ್ನು ಓದುವಾಗ ದೊಡ್ಡವರ ಹೆಸರುಗಳನ್ನಷ್ಟೇ ಹುಡುಕಬೇಡಿ. ಹಂಚಿನ ಅಚ್ಚು ಒತ್ತಿದವರು, ಮೊದಲ ಬಾರಿಗೆ ಎಲ್ಲರ ಜೊತೆ ಪಂಕ್ತಿಯಲ್ಲಿ ಕುಳಿತವರು, ಯುದ್ಧಕಾಲದಲ್ಲಿ ಸಭೆಯನ್ನು ನಡೆಸಿದ ಶಿಕ್ಷಕರು ಎಲ್ಲಿದ್ದಾರೆ ಎಂದು ಹುಡುಕಿ. ಅವರ ಬಗ್ಗೆ ಇನ್ನೂ ಬರೆಯಬೇಕಾದದ್ದು ಬಹಳವಿದೆ.